ಗಂಧೆಯೂ ಗಂಧವೂ

ಹೋದ ತಿಂಗಳು ಮೊಣಕೈ ತೋರಿಸಲೆಂದು ಮಂಡ್ಯದಲ್ಲಿ ಒಬ್ಬ ಚರ್ಮದ ಡಾಕ್ಟರ ಬಳಿಗೆ ಹೋಗಿದ್ದೆ. ಇನ್ನೂ ಎಳೆಯ ವಯಸ್ಸಿನವರು. ನನ್ನ ಮೊಣಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಆಮೇಲೆ ತುಂಬ ಮೆಲ್ಲಗೆ ಕೇಳಿದರು: "ಯಜಮಾನರೇ, ಮನಸ್ಸಿಗೆ ಏನಾದರೂ ಬೇಜಾರಿದೆಯಾ?"

ನಾನು ತೋರಿಸಿದ್ದು ಮೊಣಕೈ. ಅವರು ವಿಚಾರಿಸಿದ್ದು ಮನಸ್ಸನ್ನು. ತಪ್ಪು ಬಾಗಿಲು ತಟ್ಟಿದೆನೇನೋ ಎಂದು ಹೊರಗಿನ ಬೋರ್ಡಿನ ಕಡೆ ಕತ್ತು ಚಾಚಿದೆ. ಡಾಕ್ಟರು ನಕ್ಕು ವಿವರಿಸಿದರು. ಮನಸ್ಸಿನಲ್ಲಿ ಕಳವಳವಿದ್ದರೆ ಚರ್ಮ ಅದನ್ನು ತೋರಿಸಿಕೊಳ್ಳುತ್ತದಂತೆ. ಮನಸ್ಸು ಹಗುರಾದರೆ ಎಷ್ಟೋ ತುರಿಕೆಗಳು ತಾವಾಗಿಯೇ ಇಳಿದುಹೋಗುತ್ತವಂತೆ. ಅವರು ಇದನ್ನು ಹೊಸ ಸಮಾಚಾರವೆಂಬಂತೆ ಹೇಳಿದರು. ನಾನೂ ಹೊಸ ಸಮಾಚಾರವೆಂಬಂತೆಯೇ ತಲೆದೂಗಿದೆ. ದೊಡ್ಡ ಓದು ಓದಿ ಬಂದವರ ಉತ್ಸಾಹಕ್ಕೆ ತಣ್ಣೀರು ಎರಚುವುದು ಸಭ್ಯತೆಯಲ್ಲ.

ಆದರೆ ನೀವೇ ಹೇಳಿ, ಕನ್ನಡ ಮಾತಾಡಿಕೊಂಡು ಬೆಳೆದವರಿಗೆ ಇದು ತಿಳಿಯದ ಸಂಗತಿಯೇ? ಕೋಪ ಬಂದರೆ ನಮಗೆ ಮೈಯೆಲ್ಲ ಉರಿಯುತ್ತದೆ. ಸಂತೋಷ ಉಕ್ಕಿದರೆ ಮೈ ನವಿರೇಳುತ್ತದೆ. ಮಾತು ಕೇಳದ ಮಕ್ಕಳನ್ನು ಹೆತ್ತವಳು ಮೈ ಪರಚಿಕೊಳ್ಳುತ್ತಾಳೆ. ಅವಮಾನವಾದವನ ಮುಖ ಕಪ್ಪಿಡುತ್ತದೆ, ಬಡ್ತಿ ಸಿಕ್ಕವನದು ಅರಳುತ್ತದೆ. ಯಾರು ಏನೆಂದರೂ ಜಗ್ಗದವನನ್ನು ಎಮ್ಮೆ ಚರ್ಮದವನು ಎಂದು ಕರೆದು ಒಳಗೊಳಗೇ ಅಸೂಯೆಪಡುತ್ತೇವೆ. ನನ್ನದು ಎಮ್ಮೆ ಚರ್ಮವಲ್ಲ. ನನ್ನ ಜೀವನಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ಒಂದು ವಾಕ್ಯಕ್ಕೆ ಮುಗಿಸಬಹುದು.

ಉಳಿದವರ ಚರ್ಮ ಮನೆಯ ಗೋಡೆಯಿದ್ದ ಹಾಗೆ, ಒಳಗಿನದನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ನನ್ನದು ಊರ ತಮಟೆ. ಒಳಗೆ ಎಷ್ಟು ಗುಟ್ಟಾಗಿ ಅಂಜಿಕೊಂಡರೂ ಕೂಡಲೇ ಬೀದಿಯಲ್ಲಿ ಸಾರಿಬಿಡುತ್ತದೆ. ಮೊದಲು ಮೊಣಕೈ ಒಳಗೆ ಸಣ್ಣಗೆ ನವೆ. ಆಮೇಲೆ ಕಡಲೆಗಾತ್ರದ ಗುಳ್ಳೆ. ಆಮೇಲೆ ಗುಳ್ಳೆಗೆ ಗುಳ್ಳೆ ಸೇರಿಕೊಂಡು ತೋಳೆಲ್ಲ ಕೆಂಪು ದದ್ದು. ತಿಳಿದವರು ಇದಕ್ಕೆ ಪಿತ್ತದ ಗಂಧೆ ಎನ್ನುತ್ತಾರೆ. ನಮ್ಮ ಕೊತ್ತತ್ತಿಯಲ್ಲಿ ಬರೀ 'ಗಂದೆ'. ನಮ್ಮ ಕಡೆಯ ನಾಲಗೆಗೆ ಮಹಾಪ್ರಾಣದ ಭಾರ ಹೊರುವ ಅಭ್ಯಾಸವಿಲ್ಲ. ಹಾಗಾಗಿ ಮೈಮೇಲೆ ಏಳುವುದು ಗಂದೆ, ಸಾಣೆಕಲ್ಲಿನ ಮೇಲೆ ತೇಯುವುದು ಗಂದ. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ಎತ್ವ. ಆ ಎತ್ವದ ತುದಿಯಲ್ಲಿ ನನ್ನ ಮದುವೆ ಒಂದು ಇಡೀ ಹಗಲು ಜೋಲಾಡಿದ ಕಥೆಯನ್ನೇ ಈಗ ಹೇಳಬೇಕೆಂದಿರುವುದು. ಆದರೆ ನೇರವಾಗಿ ಅಲ್ಲಿಗೆ ಹೋದರೆ ನನ್ನ ಚರ್ಮದ ಘನತೆ ನಿಮಗೆ ತಿಳಿಯುವುದಿಲ್ಲ.

ನಾನು ಹುಡುಗನಾಗಿದ್ದಾಗ ಊರಿಗೆ ಸಿಡುಬಿನ ದಾಕು ಹಾಕುವವರು ಬರುತ್ತಿದ್ದರು. ಒಮ್ಮೆ ಚಾವಡಿಯ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮುಂದಿನವರು ಒಬ್ಬೊಬ್ಬರಾಗಿ ಕಿರುಚುವುದನ್ನು ಕೇಳುತ್ತ ಕೇಳುತ್ತ ನನ್ನ ಸರದಿ ಬರುವ ಹೊತ್ತಿಗೆ ಎರಡು ತೋಳೂ ಊದಿ ಕೆಂಪಾಗಿದ್ದವು. ದಾಕಿನವರು ನನ್ನ ತೋಳು ನೋಡಿ, "ಇವನಿಗೆ ಆಗ್ಲೇ ಹಾಕಿದೆಯಲ್ಲಯ್ಯ, ಚೆನ್ನಾಗಿ ಎದ್ದಿದೆ. ಮುಂದಿನವನು ಬಾ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. ಸರ್ಕಾರಕ್ಕೆ ನಯಾಪೈಸೆ ಖರ್ಚಿಲ್ಲದೆ ತನಗೆ ತಾನೇ ದಾಕು ಹಾಕಿಕೊಂಡ ಪ್ರಜೆ ಆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಗಂದೆಗೆ ನಮ್ಮವ್ವನ ಔಷಧಿ ಕರಿಕಂಬಳಿ. ತಲೆಯಿಂದ ಕಾಲಿನವರೆಗೆ ಹೊದಿಸಿ, ಅದರ ಒರಟು ಅಂಚಿನಿಂದಲೇ ಮೈಯೆಲ್ಲ ತೀಡುವುದು. ಸಣ್ಣ ನವೆಯನ್ನು ದೊಡ್ಡ ನವೆಯಿಂದ ಹೆದರಿಸಿ ಓಡಿಸುವ ಉಪಾಯ ಅದು. ನನ್ನ ಗೆಳೆಯನೊಬ್ಬ, ಈಗ ವಿ.ಸಿ. ಫಾರಂ ಎನ್ನುತ್ತಾರಲ್ಲ, ಅಲ್ಲಿ ಭತ್ತದ ಗದ್ದೆಗಳ ಉಸ್ತುವಾರಿಗೆ ಇದ್ದ. ಅವನು ಒಮ್ಮೆ ನನ್ನ ಮುಂಗೈಯನ್ನು ಬಹಳ ಹೊತ್ತು ಪರೀಕ್ಷಿಸಿ, "ನಿಂಗೆ ನೀರು ಜಾಸ್ತಿ ಆಗ್ಯದೆ ಕಣ್ಲಾ, ಒಂದು ಬಸಿಗಾಲುವೆ ತೋಡ್ಬೇಕು" ಎಂದ. ಪುಣ್ಯಕ್ಕೆ ಅವನ ಕೈಯಲ್ಲಿ ಆಗ ಗುದ್ದಲಿ ಇರಲಿಲ್ಲ.

ಇಂಥ ಚರ್ಮವನ್ನು ಹೊತ್ತುಕೊಂಡು ನಾನು ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾದೆ. ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಸಕ್ಕರೆಯ ನಾಡಿನಲ್ಲೇ ಸಕ್ಕರೆಗೆ ಬರ. ಮಕ್ಕಳ ಮುಂದೆ ನಾನು ಹುಲಿ, ಅದರಲ್ಲಿ ಸಂಶಯವಿಲ್ಲ. ಇನ್‌ಸ್ಪೆಕ್ಟರು ಬರುತ್ತಾರೆಂಬ ಸುದ್ದಿ ಬಂದರೆ ಮಾತ್ರ ಹುಲಿಯ ಮೈಮೇಲೆ ಪಟ್ಟೆಯ ಬದಲು ಗಂದೆ ಏಳುತ್ತಿತ್ತು.

ಅಷ್ಟೇ ಆಗಿದ್ದರೆ ಕೆರೆದುಕೊಂಡು ಕಾಲ ಹಾಕಬಹುದಿತ್ತು. ತೊಂದರೆ ಶುರುವಾದದ್ದು ಮನೆಯಲ್ಲಿ ನನಗೆ ಹೆಣ್ಣು ಹುಡುಕಲು ತೊಡಗಿದಾಗ. ಹೆಣ್ಣಿನ ಕಡೆಯವರು ಎದುರಿಗೆ ಕುಳಿತು ನನ್ನನ್ನು ಅಳೆಯುವುದಕ್ಕೂ ಇನ್‌ಸ್ಪೆಕ್ಟರು ಅಳೆಯುವುದಕ್ಕೂ ನನ್ನ ಚರ್ಮ ವ್ಯತ್ಯಾಸ ಕಾಣಲಿಲ್ಲ. ಮಂಡ್ಯದ ಹತ್ತಿರದ ಒಂದು ಮನೆಯಲ್ಲಿ ನಾನು ಉಪ್ಪಿಟ್ಟು ತಿಂದದ್ದಕ್ಕಿಂತ ಮೈ ಕೆರೆದುಕೊಂಡದ್ದೇ ಹೆಚ್ಚು. ಇನ್ನೊಂದು ಮನೆಯವರು ಉಪ್ಪಿಟ್ಟು ಕೊಡುವುದಕ್ಕೆ ಮುಂಚೆಯೇ ಎದ್ದರು. 'ಕೊತ್ತತ್ತಿ ಮೇಷ್ಟ್ರಿಗೆ ಮೈಮೇಲೆ ಏನೋ ಅದೆಯಂತೆ' ಎಂಬ ಮಾತು ನಾಲೆಯ ನೀರಿಗಿಂತ ವೇಗವಾಗಿ ಊರೂರಿಗೆ ಹರಿಯಿತು. ಮೂರನೆಯ ಹೆಣ್ಣು ಬೆಳಕವಾಡಿಯದು. ಮಾತು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಇದೂ ತಪ್ಪಿದರೆ ಮಳವಳ್ಳಿ ಕಡೆಯ ಬಾಗಿಲೂ ಮುಚ್ಚಿದಂತೆ. ಆಮೇಲೆ ನಿನಗೆ ಹೆಣ್ಣು ಕೊಡುವವರು ಯಾರು ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಕಬ್ಬಿನ ಕಡಿತ ಬಿಟ್ಟು ಬರುವ ಹಾಗಿರಲಿಲ್ಲ. ಸೋದರಮಾವ ತಮ್ಮಯ್ಯನನ್ನು ನನ್ನ ಜೊತೆಗೆ ಕಳಿಸಿದರು.

ಆಗಿನ ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಲ ಉರಿಸಿ ಅದರ ಗ್ಯಾಸಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದಾಕ್ಷಿಣ್ಯದ ಮಾತು. ಬಸ್ಸಿನ ಬೆನ್ನಿಗೆ ಕೆಂಡದ ದೊಡ್ಡ ಡಬ್ಬ. ಏರು ಬಂದಾಗ ಎಲ್ಲರೂ ಇಳಿದು ನಡೆಯಬೇಕು. ನನ್ನ ಮೈಮೇಲೆ ಹೆಡ್‌ಮೇಷ್ಟ್ರಿಂದ ಕಡ ತಂದ ಉಣ್ಣೆಯ ಕೋಟು. ಅವರು ನನಗಿಂತ ಗಿಡ್ಡ, ತೋಳು ಮುಂಗೈಯವರೆಗೆ ಬರುತ್ತಿರಲಿಲ್ಲ. ಮಳವಳ್ಳಿ ದಾಟುತ್ತಿದ್ದ ಹಾಗೆ ಮೊಣಕೈಯಲ್ಲಿ ಆ ಪರಿಚಿತ ನವೆ ಶುರುವಾಯಿತು.

"ಯಾಕ್ಲಾ ಅಂಗೆ ಕೆರ್ಕೊತಿದ್ದಿಯೆ?" ಎಂದ ತಮ್ಮಯ್ಯ ಮಾವ. "ಕೋತಿನೂ ಇಷ್ಟು ಕೆರ್ಕೊಳಾಕಿಲ್ಲ."

"ಎದ್ಬುಡ್ತು ಮಾವ."

"ಏನೆದ್ದದ್ದು?"

"ಗಂದೆ."

"ಅಯ್ ನಿನ್ನ! ಎಣ್ಣು ನೋಡಾಕ್ ಮುಂಚೇಯಾ? ನೋಡಿದ್ಮೇಲೆ ಎದ್ದಿದ್ರೆ ಅದ್ಕೊಂದು ಅರ್ತ ಇರೋದು." ಆಮೇಲೆ ನನ್ನ ಭುಜ ಹಿಡಿದು ಕುಲುಕಿದ. "ಎದ್ರುಕೋಬ್ಯಾಡ ಕಣ್ಲಾ. ನಾನಿಲ್ವಾ? ಎದ್ರುಕೋಬ್ಯಾಡ ಅಂದ್ರೆ ಎದ್ರುಕೋಬ್ಯಾಡ ಅಷ್ಟೆಯ!"

ಹೆದರಬೇಡ ಎಂದು ಇಷ್ಟು ಗಟ್ಟಿಯಾಗಿ ಗದರಿಸಿದರೆ ಯಾರು ತಾನೆ ಹೆದರದೆ ಇರುತ್ತಾರೆ? ಬೆಳಕವಾಡಿಯಲ್ಲಿ ಇಳಿಯುವಾಗ ನನ್ನ ಮುಂಗೈ ನೋಡಿ ಡ್ರೈವರ್ ಸಾಬರು, "ಮೇಷ್ಟ್ರೇ, ಕೆಂಡದ ಡಬ್ಬ ಹಿಂದ್ಗಡೆ ಇರೋದು. ಮುಂದ್ಗಡೆ ಕೂತು ನೀವ್ಯಾಕೆ ಇಷ್ಟು ಕೆಂಪಾದ್ರಿ?" ಎಂದರು. ಹುಡುಗಿಯ ಹೆಸರು ಕೆಂಪಮ್ಮ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಳವಳ್ಳಿಗೆ ವಾಪಸಾಗುವವರೆಗೂ ಅದೇ ಮಾತಾಗುತ್ತಿತ್ತು.

ಹುಡುಗಿಯ ತಂದೆ ದೊಡ್ಡೇಗೌಡರು ಭಾರಿ ಆಳು. ಮೀಸೆ ಇನ್ನೂ ಭಾರಿ. ಜಗಲಿಯ ಮೇಲೆ ಹೊಸ ಚಾಪೆ ಹಾಸಿ ನಮ್ಮನ್ನು ಕೂರಿಸಿದರು. ಒಂದು ಮೂಲೆಯಲ್ಲಿ ಅವರ ತಾಯಿ, ಮನೆಯ ಅಜ್ಜಿ, ಎಲೆಅಡಿಕೆ ಕುಟ್ಟುತ್ತ ಕೂತಿದ್ದರು. ಅಜ್ಜಿಗೆ ಕಿವಿ ಮಂದ, ಕಣ್ಣು ಮಂದ, ಉತ್ಸಾಹ ಒಂದು ಮಾತ್ರ ಚುರುಕು. ಬಾಗಿಲಾಚೆ ಬೀದಿಯ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನೋಡುತ್ತಿದ್ದರು. ಆ ಮನೆತನದ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಗಂಡು ಒಪ್ಪಿಗೆಯಾದರೆ ಮನೆಯ ಹಿರಿಯ ಹೆಂಗಸು ಅವನ ಕೈಗೆ ಗಂಧ ಸವರುತ್ತಾಳೆ. ಒಮ್ಮೆ ಗಂಧ ಬಿತ್ತೆಂದರೆ ಮಾತು ಬಿದ್ದಂತೆ. ಆಮೇಲೆ ಹಿಂದೆಗೆಯುವ ಹಾಗಿಲ್ಲ.

ಬೆಲ್ಲದ ಕಾಫಿಯ ಲೋಟ ಹಿಡಿದು ಕೆಂಪಮ್ಮ ಬಂದಳು. ತಲೆ ತಗ್ಗಿಸಿಯೇ ಬಂದಳು, ಆದರೆ ಕಣ್ಣು ತಗ್ಗಿರಲಿಲ್ಲ. ನಾನು ಒಂದು ಸಲ ನೋಡಿದೆ. ಈ ಮನೆಯ ಮುಂದೆ ಬಸ್ಸು ಕೆಟ್ಟು ನಿಂತು ವರ್ಷವಿಡೀ ರಿಪೇರಿಯಾಗದಿದ್ದರೂ ಚಿಂತೆಯಿಲ್ಲ ಎನ್ನಿಸಿತು. ಅದುವರೆಗೆ ನನಗೆ ಮದುವೆ ತಪ್ಪೀತೆಂಬ ಭಯ ಮಾತ್ರ ಇತ್ತು. ಈಗ ಇವಳು ತಪ್ಪಿಯಾಳೆಂಬ ಭಯ ಹಿಡಿಯಿತು. ತಮಟೆಗೆ ಅಷ್ಟೇ ಬೇಕಾಗಿತ್ತು. ಬೆನ್ನು, ಕತ್ತು, ಎರಡು ತೋಳು ಒಟ್ಟಿಗೆ ಎದ್ದವು. ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಕೆರೆದುಕೊಂಡೆ.

"ಏನ್ ಮೇಷ್ಟ್ರೇ, ಸೊಳ್ಳೆಯಾ?" ಎಂದರು ದೊಡ್ಡೇಗೌಡರು.

ನಾನು ಹೂಂ ಎನ್ನಬಹುದಿತ್ತು. ಅಷ್ಟರಲ್ಲಿ ತಮ್ಮಯ್ಯ ಮಾವ, ಸತ್ಯಕ್ಕೆ ಹುಟ್ಟಿದವನು, ಎತ್ತಿನ ಗಾಡಿ ಹೊಡೆಯುವ ಗಂಟಲಿನಲ್ಲಿ, "ಸೊಳ್ಳೆ ಅಲ್ಲ ಬುಡಿ ಗೌಡ್ರೆ, ಗಂದೆ! ಗಂದೆ!" ಎಂದ.

ಮೂಲೆಯಲ್ಲಿ ಕುಟ್ಟುವ ಸದ್ದು ನಿಂತಿತು. ಇಡೀ ಮಾತುಕತೆಯಲ್ಲಿ ಅಜ್ಜಿಯ ಕಿವಿಗೆ ಬಿದ್ದದ್ದು ಅದೊಂದೇ ಪದ, ಅದೂ ಎತ್ವ ಕಳೆದುಕೊಂಡು. ಅವರ ಮುಖ ಅರಳಿತು.

"ಗಂದನಾ? ಇಷ್ಟು ಬಿರ್ನೇ ಒಪ್ಪಿಗೆ ಆಯ್ತಾ! ಅಮ್ಮಿ, ಗಂದದ ಬಟ್ಲು ತಕ್ಕೊಂಡ್ಬಾ!"

"ಗಂದ ಅಲ್ಲ ಕಣವ್ವ, ಗಂದೆ!" ಎಂದ ಮಾವ.

"ಅದೇ ಕಣಪ್ಪ, ಗಂದವೇಯ. ತತ್ತಾವ್ಳೆ ತಡ್ಕೊ. ಏನಾತ್ರ ನಿಮ್ಗೆ!"

ಕೆಂಪಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದರು. ಬಟ್ಟಲು ಬರುವವರೆಗೆ ಅಜ್ಜಿ ಕಾಯಲಿಲ್ಲ. ತಾವೇ ಒಳಗೆ ಹೋಗಿ ತಂದು, ನನ್ನ ಗಿಡ್ಡ ತೋಳಿನ ಕೋಟನ್ನು ಮೇಲಕ್ಕೆ ಸರಿಸಿ, ಎರಡು ಕೈಗೂ ಧಾರಾಳವಾಗಿ ಗಂಧ ಮೆತ್ತಿದರು. ತಣ್ಣಗೆ, ಹಿತವಾಗಿತ್ತು. ಔಷಧಿ ಸರಿಯಾಗಿಯೇ ಇತ್ತು. ಶಾಸ್ತ್ರ ಮಾತ್ರ ಎಡವಟ್ಟಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಗಸರು, "ಗಂದ ಬಿತ್ತು ಕಣ್ರೇ, ಕೆಂಪಿಗೆ ಗಂದ ಬಿತ್ತು!" ಎಂದು ಬೀದಿಯ ಕೊನೆಯವರೆಗೂ ಮುಟ್ಟಿಸಿದರು.

ದೊಡ್ಡೇಗೌಡರು ಎದ್ದು ಬಂದು ನನ್ನ ಕೈಯನ್ನು ಹಿಡಿದು, ಹೆಬ್ಬೆರಳಿನಿಂದ ಗಂಧ ಒರೆಸಿ ನೋಡಿದರು. ಕೆಳಗೆ ಕೆಂಪು ದದ್ದು, ಹಗ್ಗದಷ್ಟು ದಪ್ಪ. ಅವರ ಮೀಸೆ ಇಳಿಬಿತ್ತು. ಬಾಗಿಲು ಮುಂದೆ ಮಾಡಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ತಮ್ಮಯ್ಯನೋರೇ, ಕೇಳ್ರಿಲ್ಲಿ. ಗಂದ ಬಿದ್ದಾಯ್ತು, ಊರು ನೋಡಾಯ್ತು. ಈಗ ಬ್ಯಾಡ ಅಂದ್ರೆ ನನ್ ಮಗಳಿಗೆ ಕೆಟ್ಟ ಎಸ್ರು ಬತ್ತದೆ. ಊಂ ಅಂದು, ಇದೇನಾರ ದೊಡ್ ಕಾಯ್ಲೆ ಆದ್ರೆ ಅವಳ ಬಾಳು ಆಳಾಯ್ತದೆ. ನಾನೇನ್ ಮಾಡ್ಲಿ?"

ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಅಂಜಿಕೆಯಿಂದ ಏಳುತ್ತದೆ ಎಂದು ನಾನು ತೊದಲಿದೆ. ಅಂಜಿಕೆಯಾದರೆ ಬೆವರಬೇಕು, ನಡುಗಬೇಕು, ಚರ್ಮ ಏಕೆ ಏಳಬೇಕು ಎಂದು ಗೌಡರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ಮಾವನೇ ಪಣ ಒಡ್ಡಿದ: "ಸಂಜೆಗಂಟ ನೋಡಿ ಗೌಡ್ರೆ. ಗಂದೆ ಆದ್ರೆ ಇಳ್ದೇ ಇಳೀತದೆ. ಇಳೀನಿಲ್ಲ ಅಂದ್ರೆ ತೆಪ್ಪು ನಮ್ದೇ ಅಂತ ಊರ ಮುಂದೆ ಒಪ್ಕೊಂಡು ನಾನೇ ಇವನ್ನ ಬಸ್ಸತ್ತುಸ್ಕೊಂಡು ಓಯ್ತೀನಿ."

"ಆಗ್ಲಿ" ಎಂದರು ದೊಡ್ಡೇಗೌಡರು. "ಇಳಿದ್ರೆ ನನ್ ಮಗಳ್ನ ಕೇಳಿ ವೀಳ್ಯ ಕೊಡ್ತೀನಿ."

ಹೀಗೆ ನನ್ನ ಭವಿಷ್ಯವನ್ನು ನನ್ನ ಚರ್ಮದ ವಿವೇಚನೆಗೆ ಬಿಡಲಾಯಿತು. ಕೋಟು ಬಿಚ್ಚಿಸಿ, ನಡುಮನೆಯಲ್ಲಿ ಕಂಬಳಿ ಹೊದಿಸಿ ಕೂರಿಸಿದರು. ನಾನು ಶಾಂತನಾಗಲು ಪ್ರಯತ್ನಿಸಿದೆ. ನೀವು ಎಂದಾದರೂ ಶಾಂತರಾಗಲು ಪ್ರಯತ್ನಿಸಿದ್ದೀರಾ? ನಿದ್ದೆ ಮಾಡಲು ಹಲ್ಲು ಕಚ್ಚಿ ಪ್ರಯತ್ನಿಸಿದ ಹಾಗೆ ಅದು. ದೇವರ ನಾಮ ಹೇಳಿಕೊಂಡೆ. ತಲೆಯಲ್ಲಿ ಇನ್‌ಸ್ಪೆಕ್ಟರು ಬಂದು ನಿಂತರು. ಮಗ್ಗಿ ಹೇಳಿಕೊಂಡೆ, ಮಧ್ಯೆ ತಪ್ಪಿತು, ನನಗೆ ನಾನೇ ಗದರಿಕೊಂಡೆ, ಒಂದು ಗುಳ್ಳೆ ಹೆಚ್ಚಾಯಿತು. ಇದರ ಮೇಲೆ ತಮ್ಮಯ್ಯ ಮಾವ, ಬಾಳೆಗೊನೆ ಹಣ್ಣಿಗಿಟ್ಟವನಂತೆ, ಆಗಾಗ ಬಂದು ಕಂಬಳಿಯ ಅಂಚೆತ್ತಿ "ಇಳೀತಾ?" ಎನ್ನುತ್ತಿದ್ದ.

"ಇಲ್ಲ ಮಾವ."

"ಇನ್ನೊಂದ್ಸಲಿ ಮನಸ್ಸಿಟ್ಟು ಇಳ್ಸು."

ಅಡುಗೆಮನೆಯ ಬಾಗಿಲಿಂದ ಒಂದು ದನಿ ಬಂತು. "ಅಂಗೆ ಗಳ್ಗೆ ಗಳ್ಗೆಗೂ ತಗ್ದು ನೋಡಿದ್ರೆ ಯಾವ್ದು ತಾನೆ ಮಾಗ್ತದೆ ಯಜಮಾನ್ರೆ?"

ಕೆಂಪಮ್ಮ! ಎರಡೂ ಕೈಯಲ್ಲಿ ಒಂದು ದೊಡ್ಡ ಬೋಗುಣಿ ಹಿಡಿದು ಬಂದಳು. ನೀರಿನಲ್ಲಿ ನೆನೆಸಿದ ಅವರೆಕಾಳು. ಅವರೆಯ ಕಾಲ ಅದು. ನೆನೆದ ಕಾಳನ್ನು ಬೆರಳ ನಡುವೆ ಒಂದೊಂದಾಗಿ ಹಿದುಕಿ ಸಿಪ್ಪೆ ಕಳಚಿದರೆ ತಾನೇ ಹಿದುಕಿದ ಬೇಳೆ ಸಾರು! ಬೋಗುಣಿಯನ್ನು ನನ್ನ ಮುಂದೆ ಇಟ್ಟಳು. ಅಜ್ಜಿಯನ್ನು ಕೈಹಿಡಿದು ತಂದು ನಡುವೆ ಕೂರಿಸಿದಳು. ಆಚೆ ಪಕ್ಕ ತಾನು ಕೂತಳು.

"ಕೈ ಸುಮ್ಕಿದ್ರೆ ಕೆರ್ಕೊತವೆ. ಇದ ಮಾಡಿ" ಎಂದಳು ನನಗೆ.

ದೊಡ್ಡೇಗೌಡರು ಬಾಗಿಲಲ್ಲೇ ತಡೆದರು. "ಅಮ್ಮಿ, ಕಾಯ್ಲೆ ಕೈಯೋ ಏನೋ ಗೊತ್ತಿಲ್ಲ, ಉಣ್ಣೋ ಪದಾರ್ತ ಮುಟ್ಟುಸ್ತೀಯಲ್ಲ!"

"ಎದ್ರಿಕೆ ಕಣಪ್ಪ ಇದು. ನೀನು ಮಳವಳ್ಳಿ ಕೋರ್ಟಿಗೆ ಓಗೋ ದಿನ ಬೆಳಿಗ್ಗೆ ಎಷ್ಟ್ ಸಲಿ ಚೆಂಬು ಇಡ್ಕೊಂಡು ಓಡ್ತೀಯೆ? ಅದೂ ಕಾಯ್ಲೆಯಾ? ನಿಂಗೆ ಒಟ್ಟೆಗೆ ಬತ್ತದೆ, ಇವ್ರಿಗೆ ಮೈಗೆ ಬಂದದೆ."

ದೊಡ್ಡೇಗೌಡರು ನನ್ನನ್ನು ಒಮ್ಮೆ ನೋಡಿ, ದನ ನೋಡುವ ನೆಪದಲ್ಲಿ ಹೊರಟುಹೋದರು.

ಕಂಬಳಿಯೊಳಗಿಂದ ಕೈ ಚಾಚಿ ನಾನು ಹಿದುಕತೊಡಗಿದೆ. ಮಕ್ಕಳ ಕಿವಿ ಹಿಂಡಿ ಅಭ್ಯಾಸವಿದ್ದ ಬೆರಳು, ಹದ ತಿಳಿಯಲಿಲ್ಲ. ಕಾಳು ಕೆಲವು ಜಜ್ಜಿದವು, ಕೆಲವು ಕುಪ್ಪಳಿಸಿ ಅಜ್ಜಿಯ ಮಡಿಲು ಸೇರಿದವು. ಅಜ್ಜಿಗೆ ಮಾತು ಕೇಳಿಸದು ಎಂಬ ಧೈರ್ಯದಲ್ಲಿ ಕೆಂಪಮ್ಮ ಕಾಳಿನ ಮೇಲೆ ಕಣ್ಣಿಟ್ಟುಕೊಂಡೇ ವಿಚಾರಣೆ ನಡೆಸಿದಳು.

"ಸ್ಕೂಲ್ನಲ್ಲಿ ಐಕಳ ಮುಂದೂವೆ ಇಂಗೇ ಏಳ್ತದಾ?"

"ಇಲ್ಲ. ಇನ್‌ಸ್ಪೆಕ್ಟರು ಬಂದ್ರೆ ಏಳ್ತದೆ."

"ನಾನು ಇನ್‌ಸ್ಪೆಕ್ಟ್ರಂಗೆ ಕಂಡ್ನಾ?"

ನನ್ನ ಬೆರಳಲ್ಲಿ ಇನ್ನೊಂದು ಕಾಳು ಜಜ್ಜಿತು. ಅವಳು ಕಾಯಲಿಲ್ಲ. "ಸರಿ, ಇದೊಂದು ಸತ್ಯ ಯೋಳಿ. ನನ್ನ ನೋಡಿ ಎದ್ದುದ್ದಾ, ಬರೋಕ್ ಮುಂಚೇನೇ ಎದ್ದುದ್ದಾ?"

ಇಲ್ಲಿ ಜಾಣನಾದವನು ಏನು ಹೇಳುತ್ತಿದ್ದನೋ ನನಗೆ ಈಗಲೂ ಗೊತ್ತಿಲ್ಲ. "ಮಳವಳ್ಳಿ ದಾಟ್ತಿದ್ದಂಗೆ ಶುರುವಾಯ್ತು. ನಿಮ್ಮನ್ನ ನೋಡಿದ ಮೇಲೆ ಬೆನ್ನಿಗೂ ಬಂತು" ಎಂದೆ.

"ಯಾಕೆ?"

"ನೀವು ಬ್ಯಾಡ ಅಂದ್ಬುಟ್ರೆ ಅಂತ."

ಅವಳು ಇನ್ನೊಂದು ಕಾಳು ಹಿದುಕಿದಳು. ಆಮೇಲೆ, "ಮಳವಳ್ಳಿದು ನನ್ ಲೆಕ್ಕ ಅಲ್ಲ, ಬಸ್ಸಿನೋರ್ನ ಕೇಳಿ. ಬೆನ್ನಿಂದು ನಂದು ಅಂತ ಇಟ್ಕಳಿ" ಎಂದಳು. ತುಟಿಯಂಚಿನಲ್ಲಿ ನಗು ತಡೆಹಿಡಿದಿದ್ದಳು. ನನಗೂ ನಗು ಬಂತು. ಅಜ್ಜಿ ನಮ್ಮಿಬ್ಬರನ್ನೂ ನೋಡಿ, ಏನೂ ಕೇಳಿಸದಿದ್ದರೂ, ಜೊತೆಗೂಡಿ ನಕ್ಕರು. ಆಮೇಲೆ ಹೊತ್ತು ಹೇಗೆ ಹೋಯಿತೋ. ಮದ್ದೂರಿನ ಹುಡುಗನೊಬ್ಬ ಶಿಂಷಾ ನದಿ ಎಲ್ಲಿ ಹುಟ್ಟುತ್ತದೆ ಎಂದು ನಾನು ಕೇಳಿದ್ದಕ್ಕೆ 'ನಮ್ ಮಾವನ ತೋಟದ ಇಂದೆ' ಎಂದದ್ದನ್ನು ಹೇಳಿದೆ. ಅವಳು, ಕೇಳಿಸದಿದ್ದರೂ ಕೇಳಿಸಿದಂತೆ ನಟಿಸುವಾಗಿನ ಅಜ್ಜಿಯ ಮುಖವನ್ನು ಮಾಡಿ ತೋರಿಸಿದಳು. ನಾನು ನಕ್ಕ ರಭಸಕ್ಕೆ ಬೆರಳಲ್ಲಿದ್ದ ಕಾಳು ಚಿಮ್ಮಿ, ಕಾದು ಕಾದು ಕಂಬಕ್ಕೊರಗಿ ಬಾಯ್ತೆರೆದು ನಿದ್ದೆಹೋಗಿದ್ದ ತಮ್ಮಯ್ಯ ಮಾವನ ಹಣೆಗೆ ಫಟ್ಟೆಂದು ಬಡಿಯಿತು.

"ಇಳೀತಾ?" ಎಂದು ಕೂಗಿಕೊಂಡು ಅವನು ಎದ್ದು ಕೂತ.

ಇಳಿದಿತ್ತು. ನಾನು ಕೆಳಗೆ ನೋಡಿಕೊಂಡಾಗ ಕಂಬಳಿ ಯಾವಾಗಲೋ ಹೆಗಲಿಂದ ಜಾರಿ ಬಿದ್ದಿತ್ತು. ಎರಡು ತೋಳೂ ನೆನೆದ ಕಾಳಿನ ನೀರಿನಲ್ಲಿ ಮಿಂಚುತ್ತ, ನನ್ನವೇ ಎಂದು ನಂಬಲಾಗದಷ್ಟು ಸಪಾಟಾಗಿದ್ದವು. ಯಾವ ಗಳಿಗೆಯಲ್ಲಿ ಹೊರಟುಹೋಯಿತೋ, ಹೇಳದೆ ಕೇಳದೆ ಹೋದ ನೆಂಟನಂತೆ. ನಾನು ಗಮನಿಸಿರಲಿಲ್ಲ. ಗಮನಿಸಿದ್ದರೆ ಹೋಗುತ್ತಿರಲಿಲ್ಲವೇನೋ.

ಮಾವ ಕೊಟ್ಟಿಗೆಯಿಂದ ದೊಡ್ಡೇಗೌಡರನ್ನು ಎಳೆದುಕೊಂಡೇ ಬಂದ. ಗೌಡರು ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಎತ್ತು ಕೊಳ್ಳುವವರ ಹಾಗೆ ಸುತ್ತ ಒಂದು ಬಾರಿ ತಿರುಗಿ ನೋಡಿದರು. ಕೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಏನೂ ಇರಲಿಲ್ಲ. ಅವರ ಮೀಸೆ ಮತ್ತೆ ತನ್ನ ಸ್ಥಾನಕ್ಕೆ ಏರಿತು. ಗೌಡರು ಮಗಳ ಕಡೆ ತಿರುಗಿದರು.

"ಅಮ್ಮಿ, ನಾನು ಕೊಟ್ಟ ಮಾತು ಕೊಟ್ಟಾಯ್ತು. ಬಾಳೋಳು ನೀನು. ಏನಂತೀಯ?"

ನನ್ನ ಮೊಣಕೈಯಲ್ಲಿ ನವೆ ಆಗಲೇ ತಲೆಯೆತ್ತಿ ಸುತ್ತಮುತ್ತ ನೋಡುತ್ತಿತ್ತು. ಕೆಂಪಮ್ಮ ಅವಸರ ಮಾಡಲಿಲ್ಲ. ಅಂಗಳಕ್ಕೆ ತಂದಿಟ್ಟಿದ್ದ ಬೋಗುಣಿಗೆ ಬಗ್ಗಿ, ನಾನು ಹಿದುಕಿಟ್ಟಿದ್ದ ಬೇಳೆಯನ್ನು ಒಂದು ಹಿಡಿ ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ಕೆದಕಿ ನೋಡಿದಳು.

"ಬ್ಯಾಳೆ ಜತ್ಗೆ ಸಿಪ್ಪೇನೂ ಸೇರ್ಸವ್ರೆ" ಎಂದಳು. ಬೋಗುಣಿಯನ್ನು ಸೊಂಟಕ್ಕೆ ಇಟ್ಟುಕೊಂಡು ಒಳಗೆ ಹೊರಟವಳು ಹೊಸಿಲಲ್ಲಿ ತಿರುಗಿ ಹೇಳಿದಳು: "ಕಲಿಸ್ಕೊಬೋದು ಬುಡಪ್ಪ."